ಲೆಕ್ಕ ತಪ್ಪಿದ್ದು ಐಎಂಎಫ್, ದಂಡ ತೆತ್ತಿದ್ದು ಗ್ರೀಸ್‌ ಜನ

2010ರ ಮೇ ತಿಂಗಳಲ್ಲಿ, ಸಾಲ ತೀರಿಸಲಾಗದೆ ಕಂಗಾಲಾಗಿದ್ದ ಗ್ರೀಸ್‌ಗೆ ಯೂರೊ ವಲಯದ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ (ಐಎಂಎಫ್) ಸೇರಿ 11,000 ಕೋಟಿ ಯೂರೊ ಸಾಲ ಕೊಡಲು ಒಪ್ಪಿದವು. ಸಂಬಳ, ಪಿಂಚಣಿ ಕಡಿತ ಮತ್ತು ತೆರಿಗೆ ಏರಿಕೆ ಅದರ ಷರತ್ತು. ಸರ್ಕಾರ ಖರ್ಚಿಗೆ ಕಡಿವಾಣ ಹಾಕಿದರೆ ಹೂಡಿಕೆದಾರರ ವಿಶ್ವಾಸ ಮರಳುತ್ತದೆ, 2012ರಲ್ಲೇ ಆರ್ಥಿಕತೆ ಚೇತರಿಸಿಕೊಳ್ಳುತ್ತದೆ ಎಂದು ಸಮರ್ಥನೆ ಕೊಡಲಾಯಿತು.

ಐಎಂಎಫ್ ಒಳಗೇ ಇದನ್ನು ಪ್ರಶ್ನಿಸಿದವರಿದ್ದರು. ಆಡಳಿತ ಮಂಡಳಿಯಲ್ಲಿ ಭಾರತವನ್ನು ಪ್ರತಿನಿಧಿಸುತ್ತಿದ್ದ ಅರವಿಂದ ವಿರ್ಮಾನಿ, ಇಷ್ಟು ಹೊರೆಯನ್ನು ಆ ದೇಶ ತಾಳಲಾರದು; ಬೆಲೆ, ಉದ್ಯೋಗ, ತೆರಿಗೆ ಆದಾಯ ಒಂದರ ಹಿಂದೊಂದು ಕುಸಿದು ಯೋಜನೆಯೇ ಮುರಿದುಬೀಳಬಹುದು ಎಂದು ಎಚ್ಚರಿಸಿದ್ದರು. ಆದರೂ ಸಾಲ ಅದೇ ಷರತ್ತಿನೊಂದಿಗೆ ಮಂಜೂರಾಯಿತು.

ಅವರು ಹೇಳಿದಂತೆಯೇ ಆಯಿತು. 2012ಕ್ಕೆ ನಿರುದ್ಯೋಗ ಶೇ 15ರಷ್ಟಿರುತ್ತದೆ ಎಂಬ ಅಂದಾಜಿತ್ತು. ಅದು ಶೇ 25 ಮುಟ್ಟಿತು. ಜಿಡಿಪಿ ಮೂರು ವರ್ಷಗಳಲ್ಲಿ ಶೇ 5.5ರಷ್ಟು ಇಳಿಯಬೇಕಿದ್ದುದು ಶೇ 17ರಷ್ಟು ಇಳಿಯಿತು. ತಿಂಗಳ ಕನಿಷ್ಠ ವೇತನ 751 ಯೂರೊದಿಂದ 586ಕ್ಕೆ ಬಂತು. ಕೆಲಸ ಹೋದವರಿಗೆ ಕ್ರಮೇಣ ಆರೋಗ್ಯ ವಿಮೆಯೂ ಇಲ್ಲವಾಯಿತು. ಅಂಥವರಿಗಾಗಿ ಅಥೆನ್ಸ್‌ನ ಎಲಿನಿಕೊದಲ್ಲಿ, ಹಳೆಯ ವಿಮಾನ ನಿಲ್ದಾಣದ ಬಳಿ, ಸ್ವಯಂಸೇವಕ ವೈದ್ಯರು ಉಚಿತ ಚಿಕಿತ್ಸಾಲಯ ತೆರೆದರು. ಜನ ದಾನವಾಗಿ ತಂದುಕೊಟ್ಟ ಔಷಧಿಗಳೇ ಅಲ್ಲಿ ರೋಗಿಗಳಿಗೆ ಸಿಗುತ್ತಿದ್ದವು.

ತಪ್ಪು ಎಲ್ಲಿತ್ತು? ಸರ್ಕಾರ ಒಂದು ಯೂರೊ ಖರ್ಚು ಕಡಿತ ಮಾಡಿದರೆ ಆರ್ಥಿಕತೆಗೆ ಅರ್ಧ ಯೂರೊ ನಷ್ಟ ಎಂಬ ಲೆಕ್ಕದ ಮೇಲೆ ಅಂದಾಜುಗಳು ನಿಂತಿದ್ದವು. ನಿಜವಾದ ನಷ್ಟ 0.9ರಿಂದ 1.7 ಯೂರೊವರೆಗೂ ಇದ್ದಿರಬಹುದೆಂದು ಐಎಂಎಫ್‌ನ ಆಗಿನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಚಾರ್ಡ್ ಮತ್ತು ಡೇನಿಯಲ್ ಲೀ ಅಧ್ಯಯನದಿಂದ ತಿಳಿಯಿತು. ಗ್ರೀಸ್ ವಿಷಯದಲ್ಲಿ ಗಮನಾರ್ಹ ವೈಫಲ್ಯಗಳಾಗಿವೆ ಎಂದು 2013ರ ಜೂನ್‌ನಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. ಒಪ್ಪಿಕೊಂಡರೂ ಕಡಿತ ನಿಲ್ಲಲಿಲ್ಲ.

ಗ್ರೀಸ್ ಸರ್ಕಾರ ವಿತ್ತೀಯ ಕೊರತೆಯನ್ನು ಮುಚ್ಚಿಟ್ಟು ಲೆಕ್ಕ ತೋರಿಸಿದ್ದು ನಿಜ. ಅದು ಕ್ಷಮಿಸುವಂಥದ್ದಲ್ಲ. ಆದರೆ ಆ ಲೆಕ್ಕ ಬರೆದವರು ಪಿಂಚಣಿದಾರರಲ್ಲ. ಬಂದ ಸಾಲದ ದೊಡ್ಡ ಪಾಲು ಹಳೆಯ ಸಾಲಕ್ಕೇ ಹೋಯಿತು. ಹಣ ವಾಪಸು ಪಡೆದವರಲ್ಲಿ ಫ್ರಾನ್ಸ್, ಜರ್ಮನಿಯ ಬ್ಯಾಂಕ್‌ಗಳಿದ್ದವು.

2015ರ ಜುಲೈ 5ರ ಜನಮತಗಣನೆಯಲ್ಲಿ ಶೇ 61ರಷ್ಟು ಮಂದಿ ಸಾಲ ಕೊಟ್ಟವರ ಹೊಸ ಷರತ್ತುಗಳನ್ನು ತಿರಸ್ಕರಿಸಿದರು. ಜುಲೈ 13ಕ್ಕೆ ಸರ್ಕಾರ ಮತ್ತೊಂದು ಕಡಿತದ ಒಪ್ಪಂದಕ್ಕೆ ತಲೆಬಾಗಿತ್ತು.

ಶ್ರೀಲಂಕಾ, ಪಾಕಿಸ್ತಾನಗಳೂ ಈಚೆಗೆ ಐಎಂಎಫ್ ಷರತ್ತುಗಳಿಗೆ ಸಹಿ ಹಾಕಿವೆ. ಇಂಥ ಒಪ್ಪಂದಗಳಲ್ಲಿ ಸಾಲ ಕೊಡುವವರನ್ನೂ ಕಟ್ಟಿಹಾಕುವ ಒಂದು ಷರತ್ತು ಇರಲಿ: ಅವರ ಅಂದಾಜು ತಪ್ಪಿ ನಿರುದ್ಯೋಗ ಮಿತಿಮೀರಿದರೆ ಕಡಿತ ತಾನಾಗಿ ನಿಲ್ಲಬೇಕು.