ಅವ್ವನ ಸೀರೆಯ ಕೆಂಪು

ಸಂಕ್ರಾಂತಿಗೆಂದು ಧಾರವಾಡದಿಂದ ಬಂದಿದ್ದ ಅವ್ವನನ್ನು ಚೌಮಹಲ್ಲಾ ಅರಮನೆ ತೋರಿಸಲು ಕರೆದೊಯ್ದಿದ್ದೆ. ಸಂಜೆಯ ಬಿಸಿಲು, ದಾಳಿಂಬೆ ಕೆಂಪಿನ ಇಳಕಲ್ ಸೀರೆ. ಕ್ಯಾಮೆರಾದ ಪರದೆಯಲ್ಲಿ ತನ್ನ ಫೋಟೊ ನೋಡಿದವಳೇ, "ಇದನ್ನ ದೊಡ್ಡದು ಮಾಡಿಸಿ ಕೊಡಪಾ" ಅಂದಳು.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಜೆಪೆಗ್‌ಗಳನ್ನೆಲ್ಲ ಅಳಿಸಿ ರಾ ಫೈಲುಗಳನ್ನಷ್ಟೇ ಉಳಿಸಿಕೊಂಡದ್ದು. ರಾ ಇದ್ದಮೇಲೆ ಜೆಪೆಗ್ ಯಾಕೆ ಎನ್ನುವ ಜಂಬ. ಲೈಟ್‌ರೂಮಿನಲ್ಲಿ ತೆರೆದಾಗ ಒಂದು ಕ್ಷಣ ಚಿತ್ರ ಚೆನ್ನಾಗಿಯೇ ಕಂಡಿತು. ಮರುಕ್ಷಣ ಮಂಕಾಯಿತು. ಹಿಂದೆ ನಿಂತಿದ್ದ ಅವ್ವ ಕೇಳಿದಳು: "ಸೀರಿ ಬಣ್ಣಾ ಎಲ್ಲಿ ಹೋತು?"

ನಿಮಗೂ ಹೀಗಾಗಿರಬಹುದು. ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ರಾ ಫೈಲು ಇನ್ನೂ ಚಿತ್ರವಾಗಿಲ್ಲ, ಅದು ಸೆನ್ಸರ್ ಬರೆದಿಟ್ಟ ಬೆಳಕಿನ ಲೆಕ್ಕ. ಸಾಮಾನ್ಯ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಊಹಿಸಬೇಕು. ಆಮೇಲೆ ವೈಟ್ ಬ್ಯಾಲೆನ್ಸ್, ಕಾಂಟ್ರಾಸ್ಟ್, ಶಾರ್ಪನಿಂಗ್. ಇದನ್ನೆಲ್ಲ ಕ್ಯಾಮೆರಾ ತನ್ನ ರುಚಿಗೆ ತಕ್ಕಂತೆ ಮಾಡಿ, 14 ಬಿಟ್‌ನ 16,384 ಹಂತಗಳನ್ನು 256ಕ್ಕೆ ಇಳಿಸಿ ಕೊಡುವುದೇ ಜೆಪೆಗ್. ಲೈಟ್‌ರೂಮ್ ಅದೇ ಲೆಕ್ಕವನ್ನು 'ಅಡೋಬ್ ಕಲರ್' ಎಂಬ ತನ್ನ ರುಚಿಯಲ್ಲಿ ಬಿಡಿಸುತ್ತದೆ. ಮೊದಲ ಕ್ಷಣ ಕಂಡದ್ದು ರಾ ಒಳಗೇ ಕ್ಯಾಮೆರಾ ಅಡಗಿಸಿಟ್ಟ ಜೆಪೆಗ್.

ನನ್ನ ಚಿತ್ರ ಕಪ್ಪಿಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು. ಆಕ್ಟಿವ್ ಡಿ-ಲೈಟಿಂಗ್‌ನಂಥ ಸೌಲಭ್ಯ ಆನ್ ಇದ್ದರೆ ಕ್ಯಾಮೆರಾ ಬೆಳಕನ್ನು ಬೇಕೆಂದೇ ತುಸು ಕಡಿಮೆ ಹಿಡಿದು, ಆಮೇಲೆ ಜೆಪೆಗ್‌ನಲ್ಲಿ ನೆರಳನ್ನು ಎತ್ತುತ್ತದೆ. ಬೇರೆ ಕಂಪನಿಯ ತಂತ್ರಾಂಶ ಆ ಎತ್ತುವ ಕೆಲಸ ಮಾಡದಿದ್ದರೆ ಉಳಿಯುವುದು ಕತ್ತಲೆಯೇ.

ಹಾಗಾದರೆ ನಿಜವಾದ ಕೆಂಪು ಯಾವುದು? ನಮ್ಮ ಸಿಕಂದರಾಬಾದಿನಲ್ಲಿ ಸ್ಟುಡಿಯೊ ಇಟ್ಟಿದ್ದ, ನಿಜಾಮರ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಬಳಸುತ್ತಿದ್ದ ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಅವ್ವನ ಸೀರೆ ಅಲ್ಲಿ ಕಪ್ಪಾಗಿಯೇ ಬರುತ್ತಿತ್ತು. ಆ ಚಿತ್ರಗಳನ್ನು ನೋಡಿ ಅರಮನೆಯ ಬಟ್ಟೆಗಳ ಬಣ್ಣ ಊಹಿಸುವವರು ಹುಷಾರಾಗಿರಬೇಕು!

ಅಳಿಸಿದ ಜೆಪೆಗ್ ನೆನೆದು ಕೈ ಹಿಸುಕಿಕೊಳ್ಳುತ್ತಿದ್ದಾಗ ಹೊಳೆಯಿತು: ರಾ ಒಳಗೆ ಅಡಗಿದ ಚಿತ್ರವಿದೆಯಲ್ಲ! ಹಲವು ಕ್ಯಾಮೆರಾಗಳು ಅದನ್ನು ಪೂರ್ತಿ ಗಾತ್ರದಲ್ಲೇ ಇಡುತ್ತವೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಹೊರತೆಗೆದೆ. ಪುಣ್ಯಕ್ಕೆ ನನ್ನದು ಪೂರ್ತಿ ಗಾತ್ರದ್ದೇ ಇತ್ತು. ಇನ್ನೊಂದು ಕಡೆ ರಾ ಫೈಲಿಗೆ 'ಕ್ಯಾಮೆರಾ ಸ್ಟ್ಯಾಂಡರ್ಡ್' ಪ್ರೊಫೈಲ್ ಹಾಕಿ, ನೆರಳನ್ನು ಎತ್ತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಅವ್ವನ ಸೀರೆಯನ್ನೇ ತಂದು ಮಾನಿಟರ್ ಪಕ್ಕ ಹಿಡಿದೆ. ಜೆಪೆಗ್‌ನ ಕೆಂಪು ಅತಿಯಾಗಿ ಉರಿಯುತ್ತಿತ್ತು, ಸೆರಗಿನ ನೇಯ್ಗೆಯೇ ಅದರಲ್ಲಿ ಮುಳುಗಿತ್ತು. ನಾನು ತಿದ್ದಿದ ರಾ ಚಿತ್ರದಲ್ಲಿ ಎಳೆ ಎಳೆಯೂ ಕಾಣುತ್ತಿತ್ತು. ಬಣ್ಣವೂ ಸೀರೆಗೆ ಬಹಳ ಹತ್ತಿರ.

ಗೆದ್ದೆ ಅನ್ನುವ ಹುರುಪಿನಲ್ಲಿ ಅವ್ವನನ್ನು ಕರೆದೆ. ಕನ್ನಡಕ ಏರಿಸಿ ಎರಡನ್ನೂ ನೋಡಿ ಜೆಪೆಗ್‌ನತ್ತ ಬೆರಳು ಮಾಡಿದಳು. ಸೀರೆಯ ಬಣ್ಣ ಅದರಲ್ಲಿ ತಪ್ಪಿದೆ ಎಂದೆ.

"ಸೀರಿ ಮನ್ಯಾಗ ಐತಲ್ಲ. ಮುಖಾ ಚಲೋ ಬಂದದ್ದು ಕೊಡು."

ಅದನ್ನೇ ಪ್ರಿಂಟ್ ಹಾಕಿಸಿದೆ. ಈಗ ಕ್ಯಾಮೆರಾದಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಉಳಿಸುತ್ತೇನೆ. ಕಾರ್ಡ್ ಬೇಗ ತುಂಬುತ್ತದೆ, ತುಂಬಲಿ.