ಹಳೆಯ ಸೈಕಲ್ಲಿಗೆ ಹೊಸ ಹೊಣೆ

ಸೊಲ್ಲಾಪುರ ಸೀಮೆಯ ಅನೇಕ ಮನೆಗಳ ಹಿತ್ತಿಲಲ್ಲಿ ಹಿರಿಯರ ಕಾಲದ ಕರಿಯ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಒಂದು ಕಾಲಕ್ಕೆ ಆ ಮನೆಯ ಬಂಡಿಯೇ ಅದು: ಮುಂದಿನ ಬಾರಿನ ಮೇಲೆ ಮಗು, ಹಿಂದಿನ ಕ್ಯಾರಿಯರಿನ ಮೇಲೆ ಗಿರಣಿಗೆ ಹೊರಟ ಜೋಳದ ಚೀಲ, ಹ್ಯಾಂಡಲಿಗೆ ಬುತ್ತಿಯ ಗಂಟು. ಇಂದು ಅದು ಗುಜರಿಯವನ ದಾರಿ ಕಾಯುತ್ತಿದೆ. ತೂಕಕ್ಕೆ ಹಾಕುವ ಮುನ್ನ ಅದನ್ನು ಉದ್ದಗೊಳಿಸಿ, ಇಡೀ ಕುಟುಂಬದ ಭಾರ ಹೊರುವಂತೆ ಮಾರ್ಪಡಿಸಬಹುದೆಂಬುದನ್ನು ಯೋಚಿಸುವುದು ಒಳಿತು.

ಇದು ಕೇವಲ ಮಿತವ್ಯಯದ ಮಾತಲ್ಲ. ಮನೆಯ ಮೋಟಾರ್ ಸೈಕಲ್ಲು ಬೆಳಿಗ್ಗೆ ಗಂಡಸಿನೊಡನೆ ಕೆಲಸಕ್ಕೆ ಹೊರಟುಹೋಗುತ್ತದೆ. ತಾಯಿ ಮತ್ತು ಇಬ್ಬರು ಮಕ್ಕಳು ಉಳಿಯುತ್ತಾರೆ. ಮರಾಠಿ ಶಾಲೆ ಮನೆಯ ಮಗ್ಗುಲಲ್ಲಿದ್ದು ಕನ್ನಡ ಶಾಲೆ ಪಕ್ಕದ ಊರಲ್ಲಿದ್ದರೆ, ಮಗುವಿನ ಕಲಿಕೆಯ ಭಾಷೆಯನ್ನು ಪಾಲಕರ ಒಲವಿಗಿಂತ ಮೊದಲು ಆ ದೂರವೇ ನಿರ್ಧರಿಸಿಬಿಡುತ್ತದೆ. ಮರಾಠಿಯೂ ಈ ನೆಲದ ನುಡಿಯೇ, ಕಲಿಯಬೇಕಾದ ನುಡಿಯೇ. ಆದರೆ ಆಯ್ಕೆ ಎಂಬುದು ಆಯ್ಕೆಯಾಗಿ ಉಳಿಯಬೇಕಾದರೆ ಆ ತಾಯಿಯ ಕೈಯಲ್ಲೊಂದು ವಾಹನವಿರಬೇಕು.

ಕೆಲಸ ಅಸಾಧ್ಯವಾದುದಲ್ಲ. ಹಳೆಯ ಸೈಕಲ್ಲಿನ ಚೌಕಟ್ಟು ಉಕ್ಕಿನದು. ಉಕ್ಕು ಊರ ಬೆಸುಗೆಗಾರನ ಕೈಗೆ ಒಲಿಯುತ್ತದೆ. ಹಿಂದಿನ ಗಾಲಿಯನ್ನು ಸುಮಾರು 15 ಇಂಚು ಹಿಂದಕ್ಕೆ ಸರಿಸಿ, ನಡುವೆ ಉಕ್ಕಿನ ಕೊಳವೆಗಳ ಇನ್ನೊಂದು ಚೌಕಟ್ಟನ್ನು ಕೂಡಿಸಬೇಕು. ಆಗ ಭಾರವು ಎರಡೂ ಗಾಲಿಗಳ ನಡುವೆ ಬೀಳುತ್ತದೆ. ಏರಿನಲ್ಲಿ ಮುಂಗಾಲಿ ಮೇಲೇಳುವ ಭಯ ತಗ್ಗುತ್ತದೆ. ಗಾಲಿ 15 ಇಂಚು ಸರಿದರೆ ಚೈನು 30 ಇಂಚು ಹೆಚ್ಚು ಬೇಕು, ಏಕೆಂದರೆ ಅದು ಮೇಲೆಯೂ ಕೆಳಗೂ ಹಾಯಬೇಕು. ಹಿಂದೆ 18 ಹಲ್ಲಿನ ಫ್ರೀವೀಲಿನ ಬದಲು 22 ಹಲ್ಲಿನದನ್ನು ಕೂಡಿಸಿದರೆ ತುಳಿತ ಹಗುರವಾಗುತ್ತದೆ. ವೇಗ ಕುಂದುವುದು ನಿಜ, ಮಕ್ಕಳನ್ನು ಒಯ್ಯುವಾಗ ಅದು ನಷ್ಟವೇನಲ್ಲ. 28 ಇಂಚಿನ ಹಿಂಗಾಲಿಗೆ ಬದಲಾಗಿ ದಪ್ಪ ಸ್ಪೋಕುಗಳ 26 ಇಂಚಿನದನ್ನು ಹಾಕಿದರೆ ಭಾರ ನೆಲಕ್ಕೆ ಸಮೀಪವಾಗುತ್ತದೆ.

ಜಿಪುಣತನ ಸಲ್ಲದ ಜಾಗಗಳೂ ಇವೆ. ಹಳೆಯ ಕಡ್ಡಿ ಬ್ರೇಕು ಉದ್ದಗೊಂಡ ಚೌಕಟ್ಟಿಗೆ ನಿಲುಕದು. ಹಿಂದಕ್ಕೆ ತಂತಿಯ ಬ್ರೇಕು, ಅದಕ್ಕೆ ಹೊಂದುವ ರಿಮ್ಮು ಹಾಕಲೇಬೇಕು. ಮಕ್ಕಳ ಕಾಲು ಸ್ಪೋಕಿಗೆ ಸಿಗದಂತೆ ಎರಡೂ ಬದಿಗೆ ತಡೆ ಇರಬೇಕು. ಮಕ್ಕಳು ಹತ್ತಿಳಿಯುವಾಗ ವಾಲದಂಥ ಅಗಲ ಕಾಲಿನ ಸ್ಟ್ಯಾಂಡು ಬೇಕು. ತುಕ್ಕು ತಿಂದ, ಜೋಡಣೆಯಲ್ಲಿ ಬಿರುಕು ಬಿಟ್ಟ ಚೌಕಟ್ಟನ್ನು ಗುಜರಿಗೆ ಕೊಡುವುದೇ ವಿವೇಕ. ಮೊದಲು ಕೆಲವು ದಿನ ಜೋಳದ ಚೀಲ ಹೇರಿ ಓಡಿಸಿ, ಬೆಸುಗೆಯನ್ನು ಮತ್ತೆ ಮತ್ತೆ ನೋಡಿ, ಅನಂತರವೇ ಮಕ್ಕಳನ್ನು ಕೂಡಿಸಬೇಕು.

ಇಷ್ಟಾದರೂ ದೊಡ್ಡ ಅಡ್ಡಿ ಉಳಿಯುವುದು ನಾಚಿಕೆಯದು. ಸೈಕಲ್ಲು ಬಡತನದ ಗುರುತೆಂಬ ಭಾವನೆ ಬೇರೂರಿದೆ. ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯ ನೆಲವಿದು. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯರು ತಮ್ಮ ಕಸುಬಿನ ಹೆಸರನ್ನೇ ಹೆಮ್ಮೆಯಿಂದ ಹೊತ್ತವರು. ಅವರ ವಚನಗಳನ್ನು ಪರೀಕ್ಷೆಗೆ ಓದಿ, ಭಾರ ಹೊರುವ ಸೈಕಲ್ಲನ್ನು ಕಂಡು ಮುಖ ತಿರುಗಿಸುವುದು ಓದಿಗೆ ಒಪ್ಪುವ ನಡೆಯಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವಿದೆ. ಊರಿನ ಸೈಕಲ್ ರಿಪೇರಿಯವನ ಬಳಿ ಒಂದು ಮಧ್ಯಾಹ್ನ ಕುಳಿತು, ಅವನು ಚೌಕಟ್ಟು ಕೊಯ್ದು ಕೂಡಿಸುವ ಕ್ರಮವನ್ನು, ಕನ್ನಡ-ಮರಾಠಿ ಬೆರೆತ ಅವನ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಆ ಬರೆಹವನ್ನು ಓದಿ ಒಬ್ಬ ತಾಯಿ ತನ್ನ ಮನೆಯ ಹಳೆಯ ಸೈಕಲ್ಲನ್ನು ಹಿತ್ತಿಲಿನಿಂದ ಹೊರತಂದರೆ, ಅದಕ್ಕಿಂತ ಸಾರ್ಥಕವಾದ ಪ್ರಬಂಧ ಬೇರೊಂದಿಲ್ಲ.