ಮನೆಯ ಆರೋಗ್ಯ: ಕಾಲಿಗೆ ಬರುವ ಕೊಳೆರೋಗ

ಈ ಸಂಚಿಕೆಯು ಓದುಗರ ಕೈಸೇರುವ ವೇಳೆಗೆ ಆರಿದ್ರಾ ಮಳೆಯು ಹಿಡಿದು, ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿಸೀಮೆಯಲ್ಲಿ ಮರದಿಂದ ಗಿಡಕ್ಕೆ ನೀರು ತೊಟ್ಟಿಕ್ಕುವ ಸದ್ದು ಹಗಲಿರುಳೂ ಕೇಳುತ್ತಿರುವುದು. ಈ ದಿನಗಳಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ಮೊದಲು ಬರುವ ಮಾತು ಕೊಳೆರೋಗದ್ದು. ಅಡಕೆಗೆ ಬಂದಿತೆ, ಕಾಫಿಗೆ ಬಂದಿತೆ, ಮಳೆಗೆ ಮುಂಚೆ ಬೋರ್ಡೋ ದ್ರಾವಣವನ್ನು ಹೊಡೆಸಿದ್ದಾಯಿತೆ ಎಂದು ವಿಚಾರಿಸುವರು. ಅದೇ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆನೆಯುವ ಕಾಲುಗಳಿಗೂ ಒಂದು ಕೊಳೆರೋಗವುಂಟೆಂಬುದನ್ನೂ, ಅದು ಹಿಡಿಯುವುದೂ ಈ ತಿಂಗಳುಗಳಲ್ಲಿಯೇ ಎಂಬುದನ್ನೂ ನೆನೆಯುವವರು ಕಡಮೆ. ಆದಕಾರಣ ಈ ಸಲ ನಾವು ಪಾದದ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಕಾಫಿಗಿಡಕ್ಕೆ ಈ ರೋಗವು ಹೇಗೆ ತಗಲುವುದೆಂಬುದನ್ನು ಮಲೆನಾಡಿನವರಿಗೆ ನಾವು ಹೇಳಬೇಕಾದುದಿಲ್ಲ. ಎಲೆಯ ಮೇಲಿನ ನೀರು ಆರದೆ, ಗಿಡದ ನಡುವೆ ಗಾಳಿಯಾಡದೆ ಇರುವಲ್ಲಿ ಬೂಷ್ಟು ಕೂರುವುದು. ಅದಕ್ಕಾಗಿಯೇ ಮಳೆಗೆ ಮುಂಚೆ ಮರಗಸಿ ಮಾಡಿಸಿ ನೆರಳನ್ನು ತೆಳುವಾಗಿಸುವರು. ಗಿಡದ ನೆತ್ತಿಯನ್ನು ಬಿಡಿಸಿ ಗಾಳಿಬೆಳಕಿಗೆ ದಾರಿಮಾಡುವರು. ನಮ್ಮ ಕಾಲಿನ ಬೆರಳುಸಂದುಗಳೂ ಹಾಗೆಯೇ. ಅವುಗಳಲ್ಲಿ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಣ ಸಂದು ಬಹಳ ಇಕ್ಕಟ್ಟಾದುದು. ರೋಗವು ಮೊದಲು ಕಾಣಿಸಿಕೊಳ್ಳುವುದೂ ಸಾಮಾನ್ಯವಾಗಿ ಅಲ್ಲಿಯೇ. ಚರ್ಮವು ನೆನೆದ ಅಕ್ಕಿಯಂತೆ ಬೆಳ್ಳಗಾಗಿ, ಮೆತ್ತಗಾಗಿ, ಸುಲಿಯಲಾರಂಭಿಸುವುದು. ಬಳಿಕ ತುರಿಕೆ, ಉರಿ, ವಾಸನೆ. ಇದನ್ನೇ ನಮ್ಮ ಜನರು ಕೆಸರುಹುಣ್ಣು ಎನ್ನುವರು. ಹೆಸರು ಕೆಸರಿನದಾದರೂ ಅಪರಾಧವೆಲ್ಲ ಕೆಸರಿನದಲ್ಲ, ಆರದ ನೀರಿನದು. ಕೆಸರನ್ನೇ ಮೆಟ್ಟದೆ ಹಗಲೆಲ್ಲ ಗಂಬೂಟಿನೊಳಗೆ ಬೆವರಿದ ಕಾಲಿಗೂ ಇದು ಬರುವುದುಂಟು.

ನೆನೆದ ಕಾಲು ಎಷ್ಟು ದೂರ ಕೆಡಬಲ್ಲುದೆಂಬುದನ್ನು ಜಗತ್ತು ಅರಿತದ್ದು 1914ರಲ್ಲಿ ಮೊದಲಾದ ಮಹಾಯುದ್ಧದಲ್ಲಿ. ಫ್ರಾನ್ಸು, ಬೆಲ್ಜಿಯಂ ದೇಶಗಳ ಕಂದಕಗಳೊಳಗೆ ಮೊಳಕಾಲವರೆಗೆ ತಣ್ಣೀರಿನಲ್ಲಿ ದಿನಗಟ್ಟಲೆ ನಿಂತ ಸಿಪಾಯಿಗಳಲ್ಲಿ ಸಾವಿರಾರು ಮಂದಿ, ಗುಂಡೇಟು ತಗಲದೆಯೇ, ಪಾದಗಳು ಮರಗಟ್ಟಿ ಕೊಳೆತು ನಡೆಯಲಾರದವರಾದರು. ಅಷ್ಟು ಚಳಿ ನಮ್ಮಲ್ಲಿಲ್ಲ. ಅಷ್ಟು ಕೇಡೂ ಆಗುವುದಿಲ್ಲ. ಆದರೆ ಅವರು ಕಂಡುಕೊಂಡ ಉಪಾಯವು ಗಮನಿಸತಕ್ಕದ್ದು. ಕಾಲನ್ನು ಒರೆಸಿ ಎಣ್ಣೆ ತಿಕ್ಕುವುದು, ಒಣಗಿದ ಕಾಲುಚೀಲವನ್ನು ಹಾಕುವುದು ಎಂಬ ನಿಯಮಗಳನ್ನು ಮಾಡಿ, ಸಿಪಾಯಿಗಳನ್ನು ಇಬ್ಬಿಬ್ಬರ ಜೋಡಿ ಮಾಡಿದರು. ಪ್ರತಿಯೊಬ್ಬನೂ ತನ್ನ ಜತೆಗಾರನ ಪಾದಕ್ಕೆ ಹೊಣೆಗಾರನಾದನು. ತನ್ನ ಕಾಲನ್ನು ತಾನು ಅಲಕ್ಷಿಸುವುದು ಮನುಷ್ಯಸ್ವಭಾವವೆಂದು ಬಲ್ಲವರು ಮಾಡಿದ ಏರ್ಪಾಡು ಅದು.

ನಮ್ಮ ಮನೆಗಳಲ್ಲಿ ಈ ಹೊಣೆಯನ್ನು ಯಾರು ಹೊತ್ತಿರುವರು? ಮನೆಯಾಕೆಯು ಮಕ್ಕಳ ಕಾಲನ್ನು ನೋಡುವಳು. ಮಾವನವರ ಕಾಲಿಗೆ ಬಿಸಿನೀರು ಕೊಡುವಳು. ಕೊಟ್ಟಿಗೆಯಲ್ಲಿ ಹಸು ಒಂದು ಹೆಜ್ಜೆ ಕುಂಟಿದರೆ ಗೊರಸನ್ನು ಎತ್ತಿ ನೋಡುವಳು. ಅವಳ ಕಾಲನ್ನು ನೋಡುವವರು ಯಾರೂ ಇಲ್ಲ. ಬಚ್ಚಲು, ಕೊಟ್ಟಿಗೆ, ಹಿತ್ತಿಲುಗಳ ನಡುವೆ ಅತಿ ಹೆಚ್ಚು ನೆನೆಯುವ ಕಾಲು ಅವಳದೇ ಎಂಬುದನ್ನು ಗಂಡಸರು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಮಾಡಬೇಕಾದ ಕೆಲಸವು ಹೆಚ್ಚಿನದಲ್ಲ. ಸಂಜೆ ಮನೆಗೆ ಬಂದೊಡನೆ ಕಾಲನ್ನು ಸಾಬೂನಿನಿಂದ ತೊಳೆದು, ಒಣಬಟ್ಟೆಯಿಂದ ಒಂದೊಂದು ಬೆರಳುಸಂದನ್ನೂ ಬಿಡಿಸಿ ಒರೆಸತಕ್ಕದ್ದು. ತೊಳೆಯುವುದನ್ನು ಎಲ್ಲರೂ ಮಾಡುವರು. ಒರೆಸುವುದನ್ನು ಹತ್ತರಲ್ಲಿ ಒಬ್ಬರೂ ಮಾಡಲಾರರು. ಹಿಮ್ಮಡಿಗೂ ಅಂಗಾಲಿಗೂ ಎಣ್ಣೆಯನ್ನು ಹಚ್ಚಬಹುದು, ಆದರೆ ಬೆರಳುಸಂದಿಗೆ ಕೂಡದು. ಅಲ್ಲಿ ಎಣ್ಣೆಯು ತೇವವನ್ನು ಹಿಡಿದಿಡುವುದು. ನಾಟಿಯ ಗದ್ದೆಗೆ ಇಳಿಯುವವರು ಮಾತ್ರ ಗಂಬೂಟು ಹಾಕಿ ಕೆಲಸಮಾಡಲಾರರಾದುದರಿಂದ, ಇಳಿಯುವ ಮುಂಚೆ ಪಾದಕ್ಕೆಲ್ಲ ತೆಂಗಿನ ಎಣ್ಣೆಯನ್ನೋ ಉಪ್ಪಾಗೆಯ ತುಪ್ಪವನ್ನೋ ದಪ್ಪವಾಗಿ ಸವರಿಕೊಂಡು, ಮೇಲೆ ಬಂದೊಡನೆ ತೊಳೆದು ಒರೆಸಿಕೊಳ್ಳುವುದು ಒಳ್ಳೆಯದು. ಗಂಬೂಟಿನವರು ಹತ್ತಿಯ ಕಾಲುಚೀಲಗಳನ್ನು ಎರಡು ಜತೆಯಾದರೂ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸಬೇಕು. ರಾತ್ರಿ ಗಂಬೂಟನ್ನು ಬಚ್ಚಲೊಲೆಯ ಬಳಿ, ಬೆಂಕಿಯ ಝಳ ತಾಗದಷ್ಟು ದೂರದಲ್ಲಿ, ತಲೆಕೆಳಗಾಗಿ ನಿಲ್ಲಿಸಿದರೆ ಒಳಗೆ ಒಣಗುವುದು. ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ಕೊಡವಲು ಮರೆಯಬಾರದು. ಬೆಚ್ಚನೆಯ ಜಾಗವನ್ನು ಚೇಳೂ ಬಯಸುವುದು.

ಹುಣ್ಣು ಬಂದೇ ಬಿಟ್ಟಿದ್ದರೆ ಕ್ಲೋಟ್ರಿಮಜೋಲ್ ಎಂಬ ಮಲಾಮನ್ನು ದಿನಕ್ಕೆ ಎರಡು ಸಲ, ಒರೆಸಿ ಒಣಗಿಸಿದ ಸಂದಿಗೆ ಹಚ್ಚಬೇಕು. ತುರಿಕೆಯು ನಿಂತ ಕೂಡಲೆ ಬಿಡುವುದರಿಂದಲೇ ಅದು ಮತ್ತೆ ಮರಳುವುದು. ವಾಸಿಯಾದಂತೆ ಕಂಡ ಮೇಲೂ ಎರಡು ವಾರ ಹಚ್ಚುತ್ತಿರಬೇಕು. ಎರಡೇ ದಿನದಲ್ಲಿ ತುರಿಕೆಯನ್ನು ಅಡಗಿಸುವುದೆಂದು ಅಂಗಡಿಯಲ್ಲಿ ಕೊಡುವ ಮಿಶ್ರ ಮಲಾಮುಗಳ ವಿಷಯದಲ್ಲಿ ಎಚ್ಚರವಿರಲಿ. ಅವುಗಳಲ್ಲಿ ಅನೇಕಕ್ಕೆ ಸ್ಟೀರಾಯ್ಡ್ ಸೇರಿರುವುದು. ಅದು ಉರಿಯನ್ನು ಮುಚ್ಚಿ, ಬೂಷ್ಟನ್ನು ಒಳಗೇ ಬೆಳೆಸುವುದು. ಆಷಾಢದಲ್ಲಿ ಹೆಂಗಸರು ಕಾಲಿಗೆ ಗೋರಂಟಿ ಹಚ್ಚುವ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಗಿಡದಿಂದ ಕಿತ್ತು ಅರೆದ ಸೊಪ್ಪಿಗೆ ಬೂಷ್ಟನ್ನು ತಡೆಯುವ ಗುಣವು ಕೊಂಚ ಉಂಟು. ಆದರೆ ಚರ್ಮವು ಬಿರಿದು ರಸ ಸೋರುತ್ತಿರುವಾಗ ಅದು ಔಷಧಕ್ಕೆ ಬದಲಾಗಲಾರದು.

ಬಿರಿದ ಚರ್ಮವೆಂದರೆ ತೆರೆದ ಬಾಗಿಲು. ಪಾದವು ಕೆಂಪಾಗಿ ಬಿಸಿಯಾಗಿ ಊತವು ಮೇಲೇರುತ್ತಿದ್ದರೆ, ನಮ್ಮವರು ನಂಜಾಯಿತು ಎನ್ನುವ ಆ ಸ್ಥಿತಿಯಲ್ಲಿ, ಲೇಪ ಹಾಕುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಇಲಿಜ್ವರದ ವಿಷಕ್ರಿಮಿಯೂ ಇಲಿಮೂತ್ರ ಬೆರೆತ ನಿಂತ ನೀರಿನಿಂದ ಇದೇ ಬಾಗಿಲಿನಲ್ಲಿ ಒಳಸೇರುವುದು. ಗದ್ದೆ ತೋಟಗಳ ನೀರಿನಲ್ಲಿ ನಡೆದಾಡಿದವರಿಗೆ ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ, ನೀರಿನಲ್ಲಿ ಕೆಲಸಮಾಡಿದ್ದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಬೇಗ ತಿಳಿದರೆ ಸುಲಭವಾದ ಔಷಧದಿಂದ ಗುಣವಾಗುವ ಈ ಜ್ವರವು ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಿ ಪ್ರಾಣಕ್ಕೆ ಬರುವುದು.

ಇಂಬಳದ ವಿಚಾರವನ್ನು ಹೇಳದಿದ್ದರೆ ಮೂಡಿಗೆರೆಯ ಓದುಗರು ನಮ್ಮನ್ನು ಬಯಲುಸೀಮೆಯವರೆಂದು ನಕ್ಕಾರು. ಹೊಗೆಸೊಪ್ಪು, ಸುಣ್ಣ, ಉಪ್ಪು, ಸಾಬೂನು, ಯಾವುದಾದರೂ ಅದನ್ನು ದೂರವಿಡುವುದು. ಕಚ್ಚಿದ್ದನ್ನು ಜಗ್ಗದೆ ಉಗುರಿನಿಂದ ಬಾಯಿಯ ಬುಡದಲ್ಲಿ ಜಾರಿಸಿ ಬಿಡಿಸಬೇಕು. ರಕ್ತವು ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುವುದು. ಅದಕ್ಕೆ ಗಾಬರಿ ಬೇಡ. ಕೇಡು ಕಚ್ಚಿದ್ದರಿಂದ ಆಗುವುದಕ್ಕಿಂತ ಮರುದಿನದಿಂದ ಕೆರೆದುಕೊಳ್ಳುವುದರಿಂದಲೇ ಹೆಚ್ಚು.

ಇಂಬಳಕ್ಕಿಂತ ಕಣ್ಣಿಗೆ ಕಾಣದ ಕೊಕ್ಕೆಹುಳುವು ಹೆಚ್ಚು ರಕ್ತವನ್ನು ಕುಡಿಯುವುದು. ನೆರಳು, ತೇವ, ತರಗೆಲೆಯ ಮಣ್ಣು ಅದರ ಮರಿಗಳಿಗೆ ಹೇಳಿಮಾಡಿಸಿದ ಸ್ಥಳ. ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಹೋಗಿ ಕರುಳಿನಲ್ಲಿ ನೆಲಸುವುವು. ಬೆರಳುಸಂದಿನಲ್ಲಿ ಎರಡು ದಿನ ತುರಿಸಿ ಮಾಯವಾದ ಗುಳ್ಳೆಯನ್ನು ಯಾರೂ ನೆನಪಿಡರು. ತಿಂಗಳುಗಳು ಕಳೆದ ಮೇಲೆ ಮಗುವು ಬಿಳಿಚಿಕೊಂಡು ಏದುವುದೇಕೆಂದು ಚಿಂತಿಸುವರು. ಚಪ್ಪಲಿ, ಪಾಯಿಖಾನೆ, ಇವೆರಡೇ ಇದಕ್ಕೆ ತಡೆ. 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಿರುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬಾರದು.

ಇನ್ನು ಉಳುಕು. ಪಾಚಿಗಟ್ಟಿದ ಕಾಲುಸಂಕ, ಜಾರುವ ಕೆಮ್ಮಣ್ಣಿನ ಇಳಿಜಾರು, ಕಾಳುಮೆಣಸು ಕೊಯ್ಯುವ ಏಣಿ ಇರುವ ಈ ಸೀಮೆಯಲ್ಲಿ ಕಾಲಿನ ಹರಡು ಒಮ್ಮೆಯೂ ಉಳುಕದವರು ಯಾರಿದ್ದಾರೆ? ಪಾದವು ಒಳಕ್ಕೆ ಮಗುಚಿ, ಹರಡಿನ ಹೊರಗಂಟಿನ ಕೆಳಗೆ ಮೂಳೆಯನ್ನು ಮೂಳೆಗೆ ಕಟ್ಟಿರುವ ನಾರುಗಳು ಹಿಗ್ಗಿ ಹರಿಯುವುದೇ ಉಳುಕು. ಒಡನೆಯೇ ಎಣ್ಣೆ ಹಚ್ಚಿ ಬಲವಾಗಿ ನೀವುವುದೂ, ಉಳುಕು ತೆಗೆಯುವವರಿಂದ ಸೆಳೆಸುವುದೂ ನಮ್ಮಲ್ಲಿ ರೂಢಿ. ಹರಿದ ನಾರನ್ನು ಮತ್ತೆ ಎಳೆದರೆ ಊತವು ಹೆಚ್ಚುವುದಲ್ಲದೆ ಇಳಿಯದು. ಒಳಗೆ ಮೂಳೆಯೇ ಬಿರಿದಿದ್ದರೆ ಅನರ್ಥವಾಗುವುದು. ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಹಾಕದೆ, ದಿಂಬಿನ ಮೇಲೆ ಎತ್ತರಿಸಿಟ್ಟು, ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹದಿನೈದು ನಿಮಿಷದಂತೆ ದಿನಕ್ಕೆ ನಾಲ್ಕಾರು ಸಲ ಇಡಬೇಕು. ಕ್ರೇಪ್ ಪಟ್ಟಿಯನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಬೇಕು. ಬೆರಳು ನೀಲಿಯಾದರೆ ಪಟ್ಟಿ ಬಿಗಿಯಾಯಿತೆಂದು ತಿಳಿಯತಕ್ಕದ್ದು.

ಮೂಳೆ ಮುರಿದಿದೆಯೋ ಇಲ್ಲವೋ ಎಂದು ಮನೆಯಲ್ಲಿ ಅಳೆಯುವುದಕ್ಕೆ ಒಂದು ಲೆಕ್ಕವುಂಟು. 1992ರಲ್ಲಿ ಕೆನಡಾ ದೇಶದ ಓಟಾವಾ ನಗರದ ವೈದ್ಯರು ಪ್ರಕಟಿಸಿದ ಈ ಕ್ರಮವನ್ನು ಈಗ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಅನುಸರಿಸುವರು. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾರದೆ ಹೋದರೆ, ಇಲ್ಲವೆ ಹರಡಿನ ಎರಡು ಗಂಟುಗಳ ಹಿಂಬದಿಯ ಮೂಳೆಯನ್ನಾಗಲಿ ಪಾದದ ನಡುಭಾಗದ ಹೊರ ಒಳ ಅಂಚುಗಳ ಮೂಳೆಯನ್ನಾಗಲಿ ಒತ್ತಿದಾಗ ನೋವು ಚಿಮ್ಮಿದರೆ, ಎಕ್ಸ್‌ರೇ ತೆಗೆಸಲೇಬೇಕು. ಇದು ದೊಡ್ಡವರಿಗೆ ಹೇಳಿದ ಮಾತು. ಎಳೆಯ ಮಕ್ಕಳನ್ನು ವೈದ್ಯರೇ ನೋಡಬೇಕು.

ಊತವಿಳಿದ ಮೇಲೆ ಕಾಲನ್ನು ಸುಮ್ಮನೆ ಇಡುವುದೂ ತಪ್ಪು. ಮಂಚದ ಮೇಲೆ ಕುಳಿತು, ಹೆಬ್ಬೆರಳನ್ನೇ ಬಳಪವೆಂದು ಭಾವಿಸಿ, ಗಾಳಿಯಲ್ಲಿ ಅಕಾರದಿಂದ ಳಕಾರದವರೆಗೆ ವರ್ಣಮಾಲೆಯನ್ನು ದಿನಕ್ಕೆ ಎರಡು ಸಲ ಬರೆಯಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಹರಡು ಎಲ್ಲ ಕಡೆಗೂ ತಿರುಗುವುದು. ಈ ವ್ಯಾಯಾಮಕ್ಕೆ ಕನ್ನಡದಂಥ ಲಿಪಿ ಬೇರೊಂದಿಲ್ಲ. ಎರಡು ಮೂರು ವಾರಗಳಾದ ಮೇಲೆ ಗೋಡೆಯ ಪಕ್ಕದಲ್ಲಿ ಆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದನ್ನು ಅಭ್ಯಾಸಮಾಡಬೇಕು. ಇದನ್ನು ಬಿಟ್ಟವರಿಗೇ ಅದೇ ಕಾಲು ವರ್ಷವರ್ಷವೂ ಉಳುಕುವುದು.

ಹಿಮ್ಮಡಿ ಒಡೆಯುವುದು ಮಳೆಗಾಲದ ರೋಗವಲ್ಲ. ಕೊಯ್ಲಿನ ಚಳಿಯಲ್ಲಿ, ಒಣಗಾಳಿಯ ಕಣದಲ್ಲಿ ಬರುವುದು. ಅದನ್ನು ಪುಷ್ಯಮಾಸದ ಸಂಚಿಕೆಗೆ ಬಿಟ್ಟಿದ್ದೇವೆ.

ಸಕ್ಕರೆ ಕಾಯಿಲೆಯವರ ಕಾಲನ್ನು ಮಾತ್ರ ಮುಂದಕ್ಕೆ ಹಾಕಲಾಗದು. ಆ ಕಾಯಿಲೆಯು ಹಳೆಯದಾದಂತೆ ಪಾದದ ನರಗಳು ಮಂದವಾಗುವುವು. ನೋವಾಗದ ಕಾಲು ಪುಣ್ಯವೆಂದು ತೋರಬಹುದು. ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಇದನ್ನು ಎಲ್ಲರಿಗೂ ಮನಗಾಣಿಸಿದವರಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಮುಖ್ಯರು. 1914ರಲ್ಲಿ ತಮಿಳುನಾಡಿನ ಕೊಲ್ಲಿಬೆಟ್ಟಗಳಲ್ಲಿ ಹುಟ್ಟಿದ ಅವರು ವೆಲ್ಲೂರಿನ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳನ್ನು ನೋಡುತ್ತ, ಅವರ ಕೈಕಾಲುಗಳು ಸವೆಯುವುದು ರೋಗವು ತಿನ್ನುವುದರಿಂದಲ್ಲ, ನೋವು ತಿಳಿಯದೆ ಗಾಯದ ಮೇಲೆ ಗಾಯವಾಗುವುದರಿಂದ ಎಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ನ್ಯಾಯವನ್ನು ಅನ್ವಯಿಸಿದರು. ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯು ಇಂಥ ಕಾಲುಗಳಿಗೆಂದೇ ಬಳಕೆಗೆ ಬಂದುದು.

ಮಲೆನಾಡಿನ ಮನೆಗಳಲ್ಲಿ ಈ ಅಪಾಯವು ಬಚ್ಚಲೊಲೆಯ ಮುಂದೆ ಕಾದಿರುವುದು. ಮಳೆಯ ಸಂಜೆ ಹಂಡೆಯೊಲೆಗೆ ಕಾಲು ಚಾಚಿ ಕುಳಿತ ಹಿರಿಯರಿಗೆ ಅಂಗಾಲು ಬೆಂದರೂ ತಿಳಿಯದು. ಮರುದಿನ ಬೊಬ್ಬೆ, ಹತ್ತು ದಿನಕ್ಕೆ ಹುಣ್ಣು, ತಿಂಗಳಿಗೆ ಬೆರಳನ್ನೋ ಪಾದವನ್ನೋ ಕತ್ತರಿಸುವ ಮಾತು. ಕಾಲು ತೊಳೆಯುವ ನೀರಿನ ಬಿಸಿಯನ್ನು ಮನೆಯವರು ಮೊಳಕೈಯಿಂದ ನೋಡಿ ಕೊಡಬೇಕು. ಹೊರನಾಡು, ಕಳಸದ ದೇವಸ್ಥಾನಗಳಿಗೆ ಬೇಸಗೆಯ ಮಧ್ಯಾಹ್ನ ಹೋಗುವವರು ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲದೆ, ಬೆಳಗಿನ ದರ್ಶನವನ್ನು ಆರಿಸಿಕೊಳ್ಳಲಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದಾಗಲಿ, ಆಣಿಯ ಪಟ್ಟಿಯನ್ನು ಅಂಟಿಸುವುದಾಗಲಿ ಇವರಿಗೆ ಸರ್ವಥಾ ಕೂಡದು. ಆ ಪಟ್ಟಿಯಲ್ಲಿರುವ ಆಮ್ಲವು ಒಳ್ಳೆಯ ಚರ್ಮವನ್ನೂ ಸುಡುವುದು. ನೋವಿಲ್ಲದೆಯೇ ಪಾದವು ಊದಿ ಕೆಂಪಾಗಿ ಬಿಸಿಯಾದರೆ, ನೋವಿಲ್ಲವಲ್ಲಾ ಎಂದು ನಡೆದಾಡದೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ಬಗ್ಗಲಾರದ ಹಿರಿಯರು ತಮ್ಮ ಅಂಗಾಲನ್ನು ನೋಡಿಕೊಳ್ಳುವ ಬಗೆ ಹೇಗೆ ಎಂದು ಕೇಳುವವರುಂಟು. ನೆಲದ ಮೇಲೆ ಒಂದು ಕನ್ನಡಿಯನ್ನಿಟ್ಟು ಅದರ ಮೇಲ್ಗಡೆ ಕಾಲನ್ನು ಹಿಡಿದರೆ ಸಾಕು. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳು ನೋಡಿ ಹೇಳಲಿ. ಇದಲ್ಲದೆ ವರ್ಷಕ್ಕೊಮ್ಮೆ ವೈದ್ಯರಲ್ಲಿ ಪಾದದ ಸ್ಪರ್ಶಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ, ರೋಗಿಯು ಕಣ್ಣು ಮುಚ್ಚಿಕೊಂಡು ಎಲ್ಲಿ ತಾಗಿತೆಂದು ಹೇಳುವ ಪರೀಕ್ಷೆ ಅದು. ಐದು ನಿಮಿಷವೂ ಹಿಡಿಯದು.